ಕೊನೇಮನೆ ಅಕ್ಕ ಗೇಟಿನಲ್ಲಿ ನಿಂತು ಕೇಳಿದ್ದು

ಮೇ ತಿಂಗಳ ಕೊನೆಗೆ ಮಡಿಕೇರಿಯ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಹಾಳೆಯ ಸುರುಳಿಗಳು ಬಂದು ನಿಲ್ಲುತ್ತವೆ. ನೀಲಿ, ಕಪ್ಪು, ಹಳದಿ. ಅಂಗಡಿಯವನು ಸುರುಳಿಯಿಂದ ಹಾಳೆ ಎಳೆದು, ಅಳತೆ ಹಿಡಿದು, ತೆರೆದ ಕತ್ತರಿಯನ್ನು ಒಂದೇ ಸಲಕ್ಕೆ ಸರ್ರನೆ ಓಡಿಸಿ ಕೊಡುತ್ತಾನೆ. ಈ ಸಲ ಸೌದೆ ಮುಚ್ಚಲು ಎರಡು ಮೀಟರ್ ಕೇಳಿ ನಾನೂ ನಿಂತಿದ್ದೆ. ಹೊಸ ಪ್ಲಾಸ್ಟಿಕ್ಕಿನ ಆ ವಾಸನೆ, ಸ್ವಲ್ಪ ಸೀಮೆಎಣ್ಣೆಯಂತೆ, ಸ್ವಲ್ಪ ಬಿಸಿಲಿಗೆ ಕಾದ ರಬ್ಬರಿನಂತೆ, ಮೂಗಿಗೆ ತಾಗಿದ ಕೂಡಲೇ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. "ಏನಮ್ಮ, ಬೇರೆ ಬಣ್ಣ ಬೇಕಾ?" ಎಂದ ಅಂಗಡಿಯವನು. ಬೇಡ ಎಂದೆ. ಹಾಳೆ ತೆಗೆದುಕೊಳ್ಳದೆಯೇ ಮನೆಗೆ ಬಂದೆ.

ಎಸ್ಟೇಟಿನಲ್ಲಿ ಮಳೆಗಾಲದ ಕೆಲಸಕ್ಕೆ ಹೋಗುವವರು ಈ ಹಾಳೆಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಯ ಮೇಲೆ ಹಾಕಿಕೊಳ್ಳುತ್ತಾರೆ. ಅದು ಬೆನ್ನನ್ನು ಮುಚ್ಚಿಕೊಂಡು ಮೊಣಕಾಲಿನವರೆಗೆ ಇಳಿಯುತ್ತದೆ. ಕೊಪ್ಪೆ ಅನ್ನುತ್ತಾರೆ. ಕೊಪ್ಪೆ ಹಾಕಿಕೊಂಡು ಬಗ್ಗಿ ನಡೆಯುವವರಿಗೆ ದೂರದಿಂದ ಮುಖ ಇರುವುದಿಲ್ಲ, ಕೈ ಇರುವುದಿಲ್ಲ. ಸಣ್ಣ ಗುಡ್ಡೆಯೊಂದು ಚರಚರ ಸದ್ದು ಮಾಡಿಕೊಂಡು ನಡೆದುಬಂದ ಹಾಗೆ ಕಾಣುತ್ತದೆ. ಇದನ್ನು ನಾನು ದಿನಾ ನೋಡುತ್ತಿದ್ದೆ. ಆದರೆ ಮನುಷ್ಯರ ಮೊಣಕಾಲಿನ ಎತ್ತರದಿಂದ ನೋಡುವ ಪ್ರಾಣಿಗೆ ಅದು ಹೇಗೆ ಕಾಣುತ್ತದೆ ಎಂದು ಯೋಚಿಸಿದವಳು ನಾನಲ್ಲ, ಕೊನೇಮನೆ ಅಕ್ಕ.

ಆಗ ನಾವು ಸುಂಟಿಕೊಪ್ಪದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿದ್ದೆವು. ನಮ್ಮವರು ಅಲ್ಲಿ ರೈಟರ್. ಆಳುಗಳ ಹಾಜರಿ, ಗೋಡೌನಿನ ಬೀಗದ ಕೈ, ಕಾಫಿ ಮೆಣಸು ಒಣಗಿಸುವ ಕಣದ ಉಸ್ತುವಾರಿ ಎಲ್ಲ ಅವರದು. ಅದಕ್ಕೇ ನಾನು ಎಲ್ಲರಿಗೂ ರೈಟ್ರಮ್ಮ. ನಮ್ಮ ಕ್ವಾರ್ಟರ್ಸ್ ಗೋಡೌನಿಗೆ ಅಂಟಿಕೊಂಡಿತ್ತು. ಕೂಗಳತೆಯಲ್ಲಿ ಆಳುಗಳ ಲೈನು, ಒಂದೇ ಉದ್ದನೆಯ ಮಾಡಿನ ಕೆಳಗೆ ಹನ್ನೆರಡು ಮನೆ. ಹನ್ನೆರಡನೆಯದರಲ್ಲಿ ಅವಳಿದ್ದಳು. ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು. ಅದನ್ನು ಇಲ್ಲಿ ಬರೆಯುವ ಅಧಿಕಾರ ನನಗಿದೆ ಎಂದು ಅನ್ನಿಸುತ್ತಿಲ್ಲ. ಲೈನಿನವರು ಅವಳನ್ನು ಕೊನೇಮನೆ ಅಕ್ಕ ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ನನಗಾಗ ಇಪ್ಪತ್ತೊಂಬತ್ತು, ಅವಳಿಗೆ ಐವತ್ತು ದಾಟಿತ್ತು. ಅವಳು ನನಗೆ ನೀವು ಅನ್ನುತ್ತಿದ್ದಳು, ನಾನು ಅವಳಿಗೆ ನೀನು ಅನ್ನುತ್ತಿದ್ದೆ. ಆಗ ಅದು ನನ್ನ ಕಿವಿಗೆ ಏನೂ ಅನ್ನಿಸಿರಲಿಲ್ಲ.

ಗಂಡ ಬಹಳ ಹಿಂದೆಯೇ ತೀರಿಹೋಗಿದ್ದ. ಒಬ್ಬಳೇ ಮಗಳನ್ನು ಸಂಪಾಜೆಗೆ ಕೊಟ್ಟಿದ್ದಳು. ಆ ಕೊನೆಯ ಮನೆಯಲ್ಲಿ ಅವಳು ಮೂವತ್ತು ವರ್ಷದಿಂದ ಇದ್ದಳು. ಕಾಫಿ ಕುಯ್ಯುವುದರಲ್ಲಿ ಅವಳನ್ನು ಮೀರಿಸುವವರು ಇಡೀ ಎಸ್ಟೇಟಿನಲ್ಲಿ ಇರಲಿಲ್ಲ. ಎಡಗೈಯಲ್ಲಿ ಗಿಡದ ರೆಕ್ಕೆಯನ್ನು, ಅಂದರೆ ಅಡ್ಡ ಕೊಂಬೆಯನ್ನು, ಬಗ್ಗಿಸಿ ಹಿಡಿದು, ಬಲಗೈ ಹೆಬ್ಬೆರಳು ಮತ್ತು ತೋರುಬೆರಳನ್ನು ಗೊಂಚಲಿನ ಮೇಲೆ ಆಡಿಸಿದರೆ ಹಣ್ಣು ಮಾತ್ರ ಉದುರುತ್ತಿತ್ತು, ಕಾಯಿ ಗಿಡದಲ್ಲೇ ಉಳಿಯುತ್ತಿತ್ತು. ನಾನು ಒಮ್ಮೆ ಹತ್ತಿರ ನಿಂತು ಆ ಹೆಬ್ಬೆರಳನ್ನೇ ನೋಡುತ್ತಿದ್ದೆ. "ಏನ್ ರೈಟ್ರಮ್ಮ, ಕಣ್ಣು ಹಾಕ್ತೀರಾ ನನ್ನ ಕೈಗೆ?" ಎಂದು ನಕ್ಕಿದ್ದಳು.

ಜನವರಿಯಲ್ಲಿ, ಹಣ್ಣು ಕುಯ್ಯುವ ಕೆಲಸ ಜೋರಾಗಿದ್ದಾಗ, ನನ್ನ ಅಪ್ಪ ಒಂದು ನಾಯಿಮರಿ ತಂದುಕೊಟ್ಟರು. ಹಾರಂಗಿ ನಾಲೆಯ ಬದಿಯಲ್ಲಿ ನನ್ನ ತವರಿನ ಜಮೀನು. ಅಜ್ಜನ ಕಾಲದಲ್ಲಿ ಅರಕಲಗೂಡಿನಿಂದ ಬಂದು ನಿಂತವರು ನಾವು. ಮರಿ ಕಪ್ಪಗೆ, ಎದೆಯ ಮೇಲೆ ಮಾತ್ರ ಬೆರಳಗಲ ಬಿಳಿ. ಗೋಣಿಚೀಲದಿಂದ ತೆಗೆದು ಇಳಿಸಿದಾಗ ನೇರ ಹೋಗಿ ನೀರಿನ ಹಂಡೆಯ ಹಿಂದೆ ಅಡಗಿಕೊಂಡು ಉಚ್ಚೆ ಹೊಯ್ದುಕೊಂಡಿತು. ಅಪ್ಪ ಅದಕ್ಕೆ ಟೈಗರ್ ಎಂದು ಹೆಸರಿಟ್ಟರು.

ಎಸ್ಟೇಟಿನ ಸಾವ್ಕಾರರಿಗೆ ನಮ್ಮವರು ವಿಷಯ ಹೇಳಿದಾಗ ಅವರು ಬೇಡವೆನ್ನಲಿಲ್ಲ. ಒಂದೇ ಮಾತು ಹೇಳಿದರು. ಸಾಕಿ, ಆದರೆ ಆಳುಗಳ ಮೈಗೆ ಅದರ ಹಲ್ಲು ತಾಗಿದ ದಿನ ಕ್ವಾರ್ಟರ್ಸ್ ಖಾಲಿ ಮಾಡಬೇಕಾಗುತ್ತದೆ.

ಮರಿ ಎರಡು ದಿನ ಹಂಡೆಯ ಹಿಂದಿನಿಂದ ಹೊರಗೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ಕೊನೇಮನೆ ಅಕ್ಕ ಬಂದು ನೋಡಿ, ಹೆಸರು ಕೇಳಿ, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕಳು.

"ಹುಲಿ ಅಂತ ಹೆಸರಿಕ್ಕಿದ್ರೆ ಹೆದ್ರೋದು ಬಿಟ್ಟಾತಾ ರೈಟ್ರಮ್ಮ? ಇದ್ಕೆ ಮನುಷ್ಯರನ್ನ ಕಂಡ್ರೆ ಜೀವ ಹೋಗ್ತೈತೆ. ಈಗ್ಲೇ ರೂಢಿ ಮಾಡಿಸ್ಬೇಕು. ದೊಡ್ದಾದ್ರೆ ಆಗಕ್ಕಿಲ್ಲ."

ಅವಳು ಮರಿಯನ್ನು ಕರೆಯಲಿಲ್ಲ, ಎಳೆಯಲಿಲ್ಲ. ಹಂಡೆಯ ಹತ್ತಿರ ಅದಕ್ಕೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತಳು. ನನ್ನೊಡನೆ ಅದೂ ಇದೂ ಮಾತಾಡಿದಳು. ಕಾಲು ಗಂಟೆ ಆಗಿರಬೇಕು. ಮರಿ ಬಂದು ಅವಳ ಸೀರೆಯ ಅಂಚು ಮೂಸಿತು. ಆಗಲೂ ಅವಳು ತಿರುಗಲಿಲ್ಲ. ಅದು ಮುಂದೆ ಬಂದು ಮಡಿಲಿಗೆ ಕಾಲಿಟ್ಟಾಗ ಮಾತ್ರ, ಎದೆಯ ಬಿಳಿ ಮಚ್ಚೆಯ ಮೇಲೆ ಒಂದು ಬೆರಳು ಆಡಿಸಿದಳು.

ಮಾರನೆಯ ದಿನದಿಂದ ಮರಿಗೆ ಹಾಜರಿ ಶುರುವಾಯಿತು. ಏಳೂವರೆಗೆ ಆಳುಗಳೆಲ್ಲ ಗೋಡೌನಿನ ಮುಂದೆ ಸೇರುತ್ತಿದ್ದರು, ಕುಯ್ಲಿನ ಕಾಲವಾದ್ದರಿಂದ ಅರವತ್ತು ಜನಕ್ಕೆ ಕಡಿಮೆ ಇಲ್ಲ. ಅವಳು ಬೇಗ ಬಂದು ಮರಿಯನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಸೊಂಟದ ಚೀಲದಲ್ಲಿ ಹಿಂದಿನ ದಿನದ ರಾಗಿ ರೊಟ್ಟಿಯ ಚೂರು. ದಿನಕ್ಕೆ ಐದಾರು ಜನರನ್ನು ಕರೆದು ಒಬ್ಬೊಬ್ಬರ ಅಂಗೈಗೂ ಒಂದು ಚೂರು ಹಾಕುವಳು.

"ನೀವು ಮುಟ್ಟಕ್ಕೆ ಹೋಗ್ಬೇಡಿ. ಕೈ ಕೆಳಗೆ ಹಿಡೀರಿ. ಅದೇ ಬರ್ಲಿ."

ಹೆಂಗಸರಾದ ಮೇಲೆ ಗಂಡಸರು. ಆಮೇಲೆ ಮೀಸೆಯವರು, ಟೋಪಿಯವರು, ಕುಂಟುತ್ತ ನಡೆಯುವ ಮೇಸ್ತ್ರಿ. ಕುಡಿದು ಹಾಡುತ್ತ ಬರುವವನೊಬ್ಬನಿದ್ದ. ಅವನನ್ನೂ ಬಿಡಲಿಲ್ಲ. "ಬಾರಪ್ಪ, ಇವತ್ತಾದ್ರೂ ಕೆಲಸಕ್ಕೆ ಬಂದೆ. ನಿನ್ನ ಹಾಡು ನಾವಂತೂ ಕೇಳಿ ಸತ್ತಿದ್ದೀವಿ, ಈಗ ನಾಯಿಗೆ ಕೇಳ್ಸು" ಎಂದಳು. ಅವನು ನಿಜಕ್ಕೂ ಹಾಡಿದ. ಮರಿ ಕಿವಿ ನಿಮಿರಿಸಿ ಕೂತಿತ್ತು, ಜನ ಬಿದ್ದು ಬಿದ್ದು ನಕ್ಕರು. ನಮ್ಮವರು ಹಾಜರಿ ಕೂಗಿ ಮುಗಿಸುವಾಗ ಒಂದು ದಿನ ತಮಾಷೆಗೆ "ಟೈಗರ್" ಎಂದು ಕೂಗಿದರು. ಅವಳು ಮರಿಯ ಮುಂಗಾಲನ್ನು ಎತ್ತಿ, "ಬಂದಾನೆ ಸಾ, ಅರ್ಧಾಳು ಹಾಕ್ಕಳಿ" ಎಂದಳು. ಅಂದಿನಿಂದ ಹಾಜರಿ ಮುಗಿಯುತ್ತಿದ್ದುದೇ ಹಾಗೆ.

ಮನುಷ್ಯರಾದ ಮೇಲೆ ವಸ್ತುಗಳು. ಮೆಣಸು ಕುಯ್ಯುವ ಏಣಿಯನ್ನು ನೆಲಕ್ಕೆ ಮಲಗಿಸಿ ಅದರ ಮೆಟ್ಟಿಲುಗಳ ನಡುವೆ ಮರಿಯನ್ನು ನಡೆಸಿದಳು. ಔಷಧಿ ಹೊಡೆಯುವ ಮೋಟಾರನ್ನು ಮೊದಲ ದಿನ ಕಣದ ಆಚೆ ತುದಿಯಲ್ಲಿ ಚಾಲೂ ಮಾಡಿಸಿದಳು, ಮರುದಿನ ಹತ್ತು ಹೆಜ್ಜೆ ಹತ್ತಿರ, ಅದರ ಮರುದಿನ ಇನ್ನೂ ಹತ್ತು ಹೆಜ್ಜೆ. ಮರಿ ಹೆದರಿ ಕಿವಿ ಹಿಂದಕ್ಕೆ ಹಾಕಿದರೆ ಅಲ್ಲಿಗೆ ನಿಲ್ಲಿಸಿ, ಮಾರನೆಯ ದಿನ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡುವಳು. ಇದನ್ನೆಲ್ಲ ಯಾರು ಕಲಿಸಿದರು ಎಂದು ಕೇಳಿದ್ದೆ. ಚಿಕ್ಕವಳಿದ್ದಾಗ ಬಂಗಲೆಯೊಂದರಲ್ಲಿ ಕಸ ಗುಡಿಸುತ್ತಿದ್ದಳಂತೆ. ಅಲ್ಲಿಯ ನಾಯಿ ಅವಳ ತಂಗಿಯ ಕೆನ್ನೆ ಕಿತ್ತಿತ್ತು. "ಅದು ಕೆಟ್ಟ ನಾಯಿ ಅಲ್ಲ ಕಣ್ರಮ್ಮ. ಹುಟ್ಟಿದಾರಭ್ಯ ಆ ಬಂಗಲೆಯೋರನ್ನ ಬಿಟ್ರೆ ಇನ್ನೊಂದು ಮುಖ ಕಂಡಿರ್ಲಿಲ್ಲ. ಹೆದ್ರಿ ಹಾರ್ತು." ಇಷ್ಟೇ ಹೇಳಿದಳು. ತಂಗಿ ಆಮೇಲೆ ಏನಾದಳು ಎಂದು ನಾನು ಕೇಳಲಿಲ್ಲ...

ಮಾರ್ಚ್ ಹೊತ್ತಿಗೆ ಟೈಗರ್ ಎಸ್ಟೇಟಿನ ನಾಯಿಯಾಗಿತ್ತು. ಅವಳು ಅದನ್ನು ಟೈಗ್ರಿ ಅನ್ನುತ್ತಿದ್ದಳು. ಬೆಳಿಗ್ಗೆ ಬಂದವರ ಕೈಯನ್ನೆಲ್ಲ ಒಂದು ಸುತ್ತು ಮೂಸಿ, ಕುಯ್ಯುವವರ ಹಿಂದೆ ತೋಟದ ಗೇಟಿನವರೆಗೆ ಹೋಗಿ, ಅಲ್ಲಿಂದ ಅವಳು "ಹೋಗು ಮನೆಗೆ" ಎಂದರೆ ತಿರುಗಿ ಬರುತ್ತಿತ್ತು. ಅಷ್ಟು ಒಳ್ಳೆಯ ನಾಯಿಯನ್ನು ನಾನು ಆಮೇಲೆ ನೋಡಿಲ್ಲ. ಅದನ್ನು ಹಾಗೆ ಮಾಡಿದ್ದು ನಾನಲ್ಲ ಎಂಬುದು ನನಗೆ ಗೊತ್ತಿತ್ತು. ಬಹುಶಃ ಅದೂ ಒಳಗೊಳಗೇ ಚುಚ್ಚುತ್ತಿತ್ತು.

ಯುಗಾದಿ ಕಳೆದು ಅಪ್ಪ ಬಂದರು. ಅವರು ಜಗಲಿಯಲ್ಲಿ ಕೂತಿದ್ದಾಗ ಸೈಕಲ್ಲಿನಲ್ಲಿ ಪಾತ್ರೆ ಮಾರುವವನೊಬ್ಬ ಗೇಟು ತೆಗೆದು ಒಳಗೆ ಬಂದ. ಟೈಗರ್ ಓಡಿಹೋಗಿ ಅವನ ಕಾಲ ಬಳಿ ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ಅಪ್ಪ ನನ್ನ ಕಡೆ ತಿರುಗಿದರು.

"ಏನವ್ವ ಇದು, ನಾಯಿನೋ ಕರುನೋ? ಕಂಡೋರ ಕೈಲಿ ತಿಂದ ನಾಯಿ ಮನೆ ಕಾಯ್ತೈತಾ? ನಿಮ್ಮ ಯಜಮಾನ್ರ ಕೈಲಿ ಗೋಡೌನ್ ಬೀಗ ಐತೆ. ಕಳ್ರಿಗೆ ಬಾಗ್ಲು ತೆಗೆಯೋ ನಾಯಿ ಸಾಕಿದ್ದೀಯಲ್ಲ."

ನಮ್ಮ ತವರಿನ ಕಡೆ ಕಾವಲು ನಾಯಿಯನ್ನು ಬೆಳೆಸುವ ಕ್ರಮ ಬೇರೆ. ಹಗಲೆಲ್ಲ ಗೂಡಿನಲ್ಲಿ ಕೂಡುತ್ತಾರೆ. ಒಂದೇ ಕೈ ಅನ್ನ ಹಾಕಬೇಕು. ಹೊರಗಿನವರ ಕೈ ತಾಗಬಾರದು, ಹೊರಗಿನವರ ಮುಖ ಪರಿಚಯ ಇರಬಾರದು. ಸುತ್ತ ಹೊಲ, ಆಚೆ ನಾಲೆ, ಮನುಷ್ಯರೇ ಅಪರೂಪವಾದ ಜಾಗದಲ್ಲಿ ಅದು ನಡೆಯುತ್ತಿತ್ತು. ದಿನಕ್ಕೆ ಅರವತ್ತು ಜನ ಹಾದುಹೋಗುವ ಗೇಟಿಗೆ ಆ ಕ್ರಮ ಹೊಂದುತ್ತದೆಯೇ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಅದೇ ತಿಂಗಳು ಪಕ್ಕದ ಎಸ್ಟೇಟಿನ ಕಣದಿಂದ ಒಣಗಲು ಹಾಕಿದ್ದ ಮೆಣಸು ಕಳವಾಗಿತ್ತು. ನಮ್ಮವರಿಗೂ ಅದರ ಚಿಂತೆ ಇತ್ತು. ಅಪ್ಪನ ಮಾತು ಕೇಳಿ ನನಗೆ ಅವಮಾನವಾಗಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಅವಳು ಬಂದಾಗ ಗೇಟಿನ ಹತ್ತಿರವೇ ತಡೆದೆ. "ಇನ್ನು ಇದನ್ನ ಹಾಜರಿಗೆ ಕರ್ಕೊಂಡು ಹೋಗೋದು ಬೇಡ ಅಕ್ಕ. ಯಾರೂ ಏನೂ ಹಾಕೋದೂ ಬೇಡ. ನಾಯಿ ನಾಯಿ ಥರ ಇರಬೇಕು."

ಅವಳ ಕೈ ಸೊಂಟದ ಚೀಲದೊಳಗೆ ಇತ್ತು. ಹಾಗೆಯೇ ಹೊರಗೆ ತೆಗೆದಳು.

"ಆಯ್ತು ರೈಟ್ರಮ್ಮ. ನಿಮ್ಮ ನಾಯಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬೇಡಿ. ಇದು ನೋಡಿರೋದು ಬೇಸಿಗೆ ಜನಾನ. ಮಳೆ ಹಿಡಿದ ಮೇಲೆ ನಾವೆಲ್ಲ ಕೊಪ್ಪೆ ಹಾಕ್ಕಂಡು ಬತ್ತೀವಿ. ಅದ್ಕೆ ನಾವು ಬೇರೆ ಥರ ಕಾಣ್ತೀವಿ. ಆಗೊಂದು ವಾರ ನನ್ನ ಕೈಗೆ ಕೊಡಿ. ಒಂದೇ ವಾರ."

"ನೋಡೋಣ" ಎಂದೆ.

ಬಚ್ಚಲಿನ ಹಿಂದೆ ಹಲಗೆ ಮತ್ತು ತಂತಿಯ ಗೂಡು ಮಾಡಿಸಿದೆವು. ಮೊದಲ ವಾರವೆಲ್ಲ ಹಾಜರಿ ಕೂಗುವ ಹೊತ್ತಿಗೆ ಟೈಗರ್ ಒಳಗೆ ಕುಣಿದಾಡಿ ಕುಂಯ್‌ಗುಡುತ್ತಿತ್ತು. ತನ್ನ ಹೆಸರಿಗಾಗಿ ಕಾಯುತ್ತಿತ್ತೇನೋ... ನಮ್ಮವರು ಕೂಗುವುದನ್ನು ಬಿಟ್ಟಿದ್ದರು. ಎರಡನೆಯ ವಾರ ಕುಂಯ್‌ಗುಡುವುದು ಕಡಿಮೆಯಾಯಿತು. ಮೇ ತಿಂಗಳಲ್ಲಿ ಒಂದು ದಿನ, ಗೂಡಿನ ಹಿಂದೆ ಯಾರೋ ಹಾದುಹೋದಾಗ, ಅದರ ಗಂಟಲಿನೊಳಗಿಂದ ನಾನು ಕೇಳಿರದ ಒಂದು ಸದ್ದು ಬಂತು. ನಮ್ಮವರನ್ನು ಕರೆದು ಕೇಳಿಸಿದೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ನನಗೆ ಸಂತೋಷವಾಗಿತ್ತು. ಇದನ್ನು ಬಿಟ್ಟು ಬರೆದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಜನ ಕೊಪ್ಪೆ ಹಾಕಿಕೊಂಡು ಬಂದರು. ಗೂಡಿನೊಳಗಿನಿಂದ ಟೈಗರ್ ಹಲ್ಲು ತೋರಿಸಿ ತಂತಿಗೆ ಹಾರುತ್ತಿತ್ತು. ಇಬ್ಬರು ಹೆಂಗಸರು ಬಂದು, ನಮಗೆ ಆ ಕಡೆಯಿಂದ ಹೋಗಲು ಭಯವಾಗುತ್ತದೆ ಎಂದರು. ಕಟ್ಟಿಯೇ ಇಟ್ಟಿರುತ್ತೇನೆ, ಹೆದರಬೇಡಿ ಎಂದು ಕಳಿಸಿದೆ. ಕೊನೇಮನೆ ಅಕ್ಕ ಕೇಳಿದ್ದ ಒಂದು ವಾರ ನನಗೆ ನೆನಪಿಗೆ ಬರಲಿಲ್ಲ ಎಂದು ಬಹಳ ವರ್ಷ ನಾನೇ ನಂಬಿಕೊಂಡಿದ್ದೆ. ಬಂದಿತ್ತು. ಅವಳು ತಾನಾಗಿ ಬಂದು ಇನ್ನೊಮ್ಮೆ ಕೇಳಲಿ ಎಂದು ಸುಮ್ಮನಿದ್ದೆ.

ಮುಂದಿನದನ್ನು ಆದ ಕ್ರಮದಲ್ಲೇ ಹೇಳುತ್ತೇನೆ.

ಅಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಳೆ ಬಿಟ್ಟಿತು. ಸೂರಿನಿಂದ ಹನಿ ಬೀಳುತ್ತಿತ್ತು, ಅಷ್ಟೇ. ಗೂಡು ತೊಳೆಯಲೆಂದು ಟೈಗರನ್ನು ಹೊರಗೆ ಬಿಟ್ಟೆ. ಗೇಟು ಹಾಕಿತ್ತು. ಒಂದು ಬಕೆಟ್ ನೀರು ಹುಯ್ದಿರಬೇಕು, ಒಳಗೆ ಫೋನ್ ಬಡಿಯಿತು. ತಂಗಿಯದು, ಅವಳ ನಾದಿನಿಯ ಮದುವೆಯ ವಿಷಯ. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಮಾತಾಡುತ್ತಿದ್ದೆ. ನಾಯಿ ಹೊರಗಿದೆ ಎಂಬುದು ಮನಸ್ಸಿನಿಂದ ಜಾರಿತ್ತು.

ಗೇಟಿನ ಕಡೆಯಿಂದ ಕೂಗು ಬಂತು. "ರೈಟ್ರಮ್ಮಾ, ನಾಯಿ ಕಟ್ಟಿದ್ದೀರಾ?"

ಕೊನೇಮನೆ ಅಕ್ಕನ ಧ್ವನಿ ಎಂದು ಗೊತ್ತಾಯಿತು. ಫೋನಿನ ಮೇಲೆ ಕೈ ಮುಚ್ಚಿ, "ಹ್ಞೂಂ, ಕಟ್ಟಿದ್ದೀನಿ, ಬಾ" ಎಂದೆ.

ಕಟ್ಟಿದ್ದೇನೆಯೇ ಇಲ್ಲವೇ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ದಿನಾ ಹತ್ತು ಸಲ ಹೇಳುವ ಮಾತು, ಹೇಳಿಬಿಟ್ಟೆ. ಗೇಟಿನ ಚಿಲಕ ತೆಗೆದ ಸದ್ದು ಕೇಳಿತು. ತಂಗಿಯೊಡನೆ ಇನ್ನೆರಡು ಮಾತಾಡಿದೆ. ಆಮೇಲೆ ಹೊರಗೆ ಅಕ್ಕ ಕಿರುಚಿದ್ದು.

ನಾನು ಓಡಿಬಂದಾಗ ಅವಳು ಮೊಣಕಾಲೂರಿದ್ದಳು. ನೀಲಿ ಕೊಪ್ಪೆ ತಲೆಯ ಮೇಲೇ ಇತ್ತು. ಅವಳ ಬಲಗೈ ನಾಯಿಯ ಬಾಯಲ್ಲಿತ್ತು. ಅವಳು ಕೈ ಎಳೆದುಕೊಳ್ಳಲಿಲ್ಲ, "ಟೈಗ್ರೀ, ಟೈಗ್ರೀ" ಅನ್ನುತ್ತಿದ್ದಳು. ನಾನು ಪೊರಕೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಕೊಪ್ಪೆ ಜಾರಿ ಹಿಂದಕ್ಕೆ ಬಿತ್ತು. ನಾಯಿ ಅವಳ ಮುಖ ನೋಡಿತು. ಬಾಯಿ ಬಿಟ್ಟಿತು. ಕಿವಿ ಮಲಗಿಸಿಕೊಂಡು, ಹೊಟ್ಟೆಯನ್ನು ನೆಲಕ್ಕೆ ಒತ್ತಿ ತೆವಳಿಕೊಂಡು ಅವಳ ಕಾಲ ಬಳಿಗೆ ಹೋಯಿತು. ನಾನು ಪೊರಕೆ ಎತ್ತಿದಾಗ ಅವಳು ಎಡಗೈ ಅಡ್ಡ ಹಿಡಿದಳು.

"ಹೊಡೀಬೇಡಿ. ಅದ್ಕೆ ಗುರ್ತು ಸಿಕ್ಕಿಲ್ಲ."

ಅವಳ ಪಕ್ಕದಲ್ಲಿ, ಒದ್ದೆ ನೆಲದ ಮೇಲೆ, ಬಾಳೆ ಎಲೆಯ ತುಂಡಿನಲ್ಲಿ ಸುತ್ತಿದ್ದ ರೊಟ್ಟಿಯ ಚೂರುಗಳು ಬಿದ್ದಿದ್ದವು. ನಾನು ಮಾಡದೆ ಬಿಟ್ಟಿದ್ದ ಕೆಲಸವನ್ನು ಮಾಡಲು ಅವಳು ಬಂದಿದ್ದಳು.

ಜೀಪಿನಲ್ಲಿ ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದರು. ಹೊಲಿಗೆ ಹಾಕಿದರು, ಇಂಜೆಕ್ಷನ್‌ಗಳು ಶುರುವಾದವು. ಹೆಬ್ಬೆರಳಿನ ನರ ತುಂಡಾಗಿದೆ, ಗಾಯ ಮಾಗುತ್ತದೆ, ಬೆರಳು ಮಡಚಲು ಬರುವುದು ಅನುಮಾನ ಎಂದರು ಡಾಕ್ಟರು.

ಎರಡು ದಿನ ಕಳೆದು ಸಾವ್ಕಾರರು ಗೋಡೌನಿನ ಜಗಲಿಯಲ್ಲಿ ಕುರ್ಚಿ ಹಾಕಿಸಿ ಕೂತು ವಿಚಾರಿಸಿದರು. ನಮ್ಮವರು, ಮೇಸ್ತ್ರಿ, ಲೈನಿನ ನಾಲ್ಕೈದು ಜನ ಇದ್ದರು. ಅವಳು ಕೆಳಗಿನ ಮೆಟ್ಟಿಲಲ್ಲಿ, ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು ನಿಂತಿದ್ದಳು. ನಾನು ನಮ್ಮ ಬಾಗಿಲಲ್ಲಿ. ಹಿಂದಿನ ದಿನವೆಲ್ಲ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಕ್ವಾರ್ಟರ್ಸ್ ಹೋದರೆ ಎಲ್ಲಿಗೆ, ಕೆಲಸವೂ ಹೋದರೆ ಏನು. ಗಂಡನಿಗೂ ನಾನು ನಿಜ ಹೇಳಿರಲಿಲ್ಲ.

"ಗೇಟಲ್ಲಿ ನಿಂತು ಕೂಗಿದ್ಯೇನಮ್ಮ?" ಎಂದು ಸಾವ್ಕಾರರು ಅವಳನ್ನು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ಇಲ್ಲ ಸಾರ್, ಯಾರೂ ಕೂಗಲಿಲ್ಲ. ನಾನು ಒಳಗೇ ಇದ್ದೆ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ ಆ ಕಣ್ಣಲ್ಲಿ. ಗೇಟಿನ ಹೊರಗೆ ನಿಂತು ಉತ್ತರಕ್ಕೆ ಕಾಯುವವರು ನೋಡುವ ಹಾಗೆ ನೋಡಿದಳು. ನಾನು ಹೊಸ್ತಿಲನ್ನು ನೋಡಿದೆ.

"ಮಳೆ ಸಾ" ಎಂದಳು ಅವಳು. "ಕೂಗಿದ್ದು ಅವ್ರಿಗೆ ಕೇಳಿಸಿರಕ್ಕಿಲ್ಲ."

ಆ ಹೊತ್ತಿನಲ್ಲಿ ಮಳೆ ಬಿಟ್ಟಿತ್ತು. ಅಲ್ಲಿದ್ದ ಪ್ರತಿಯೊಬ್ಬರೂ ಅಂದು ತೋಟದಲ್ಲಿ ಕೆಲಸ ಮಾಡಿದವರು, ಮಳೆ ಬಿಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಸಾವ್ಕಾರರು, ಕೇಳಿಸದ ಕೂಗು ಕೂಗದ ಹಾಗೆಯೇ, ನಾಯಿ ಇರುವ ಮನೆಗೆ ಕೂಗದೆ ಹೋದರೆ ಯಾರೇನು ಮಾಡಲಾಗುತ್ತದೆ, ಇನ್ನು ಮೇಲೆ ಎಲ್ಲರೂ ಎಚ್ಚರದಿಂದಿರಿ ಎಂದು ಎದ್ದರು.

ತಪ್ಪು ನಮ್ಮ ಕಡೆಯದು ಎಂದಾಗಿದ್ದರೆ ಅವಳಿಗೆ ಕೂತು ಮಾಡುವ ಕೆಲಸ ಕೊಡಬೇಕಾಗುತ್ತಿತ್ತು. ನರ್ಸರಿಯಲ್ಲಿ ಪಾತಿಗೆ ನೀರು ಹಾಕುವುದೋ, ಕಣ ಕಾಯುವುದೋ. ಮನೆ ಉಳಿಯುತ್ತಿತ್ತು. ಲೈನಿನ ಮನೆ ಕೆಲಸ ಮಾಡುವವರಿಗೆ ಮಾತ್ರ. ಆ ವರ್ಷದ ಕುಯ್ಲು ಶುರುವಾದಾಗ ಅವಳು ಹೋಗಿ ಗಿಡದ ಮುಂದೆ ನಿಂತಳು. ಹೆಬ್ಬೆರಳು ನೆಟ್ಟಗೆ ಕಡ್ಡಿಯಂತೆ ನಿಂತಿತ್ತು, ಬಾಗುತ್ತಿರಲಿಲ್ಲ. ನಾಲ್ಕು ಬೆರಳಲ್ಲಿ ಬಾಚಿದರೆ ಹಣ್ಣಿನೊಡನೆ ಕಾಯಿಯೂ ಎಲೆಯೂ ಬರುತ್ತಿತ್ತು. ಮೂರು ದಿನ ನೋಡಿ ಮೇಸ್ತ್ರಿ ಬೇಡ ಎಂದ. ಒಂದು ವಾರದಲ್ಲಿ ಹನ್ನೆರಡನೆಯ ಮನೆಗೆ ಬೇರೆ ಸಂಸಾರ ಬಂತು.

ಅವಳು ಹೊರಟ ದಿನ ಮಗಳು ಬಂದಿದ್ದಳು. ಎರಡು ಚೀಲ, ಒಂದು ಟ್ರಂಕು. ನಮ್ಮ ಗೇಟಿನ ಮುಂದೆ ಹಾದುಹೋಗುವಾಗ ಅವಳು ನಿಂತಳು.

"ಟೈಗ್ರಿ ಹೆಂಗೈತೆ ರೈಟ್ರಮ್ಮ?"

ಹತ್ತು ದಿನ ಕಟ್ಟಿಹಾಕಿ ನೋಡಿ, ನಾಯಿಗೆ ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಅಪ್ಪ ಅದನ್ನು ತೆಗೆದುಕೊಂಡು ಹೋಗಿದ್ದರು. ನಾಲೆಯ ಬದಿಯ ಪಂಪ್‌ಸೆಟ್ ಮನೆಯ ಕಂಬಕ್ಕೆ ಕಟ್ಟಿದ್ದರು. ಚೆನ್ನಾಗಿದೆ ಎಂದೆ. ಅವಳು ಒಳ್ಳೇದಾಯ್ತು ಎಂದು ತಲೆಯಾಡಿಸಿ ಮಗಳ ಹಿಂದೆ ಇಳಿದುಹೋದಳು. ಅದೇ ಕೊನೆ, ಮತ್ತೆ ನೋಡಲಿಲ್ಲ. ಟೈಗರ್ ಆ ಕಂಬದಲ್ಲೇ ಆರು ವರ್ಷ ಬದುಕಿತ್ತು.

ನಾವು ಎಸ್ಟೇಟು ಬಿಟ್ಟು ಮಡಿಕೇರಿಗೆ ಬಂದು ಏಳು ವರ್ಷವಾಯಿತು. ಸಂಪಾಜೆ ಇಲ್ಲಿಂದ ದೂರವೇನಲ್ಲ, ಘಾಟಿ ಇಳಿದರೆ ಮುಗಿಯಿತು. ಮಂಗಳೂರಿಗೆ ಹೋಗುವಾಗಲೆಲ್ಲ ಬಸ್ಸು ಆ ಊರಿನಲ್ಲಿ ನಿಲ್ಲುತ್ತದೆ. ಪ್ರತಿ ಸಲವೂ ನಾನು ಊರು ಕಾಣುವ ಕಿಟಕಿ ಬಿಟ್ಟು ಬಸ್ಸಿನ ಇನ್ನೊಂದು ಬದಿಗೆ ಕೂತಿರುತ್ತಿದ್ದೆ. ಈ ಸಲ ಪ್ಲಾಸ್ಟಿಕ್ ಹಾಳೆಯ ಅಂಗಡಿಯಿಂದ ಹಾಗೆ ಬರಿಗೈಯಲ್ಲಿ ಬಂದ ಮರುದಿನ ಹಳೆಯ ಮೇಸ್ತ್ರಿಗೆ ಫೋನ್ ಮಾಡಿ ಮಗಳ ಮನೆ ಎಲ್ಲಿ ಎಂದು ಕೇಳಿದೆ. ಹನ್ನೊಂದು ಗಂಟೆಯ ಬಸ್ಸು ಹತ್ತಿದೆ.

ಮಗಳು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಗುರುತು ಹಿಡಿದಳು. ಚಾಪೆ ಹಾಸಿದಳು, ಬೆಲ್ಲದ ಕಾಫಿ ಕೊಟ್ಟಳು. ಅವ್ವ ಹೋಗಿ ಎರಡು ವರ್ಷವಾಯಿತು ಎಂದಳು. ಎದೆನೋವು, ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ. ಎರಡು ವರ್ಷ... ನಾನು ಆ ಎರಡು ವರ್ಷದಲ್ಲಿ ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೆ ಎಂದು ಎಣಿಸಲು ನೋಡಿದೆ.

"ನಿಮ್ಮನ್ನ ನೆನೆಸ್ಕತಿದ್ಲು ರೈಟ್ರಮ್ಮ" ಎಂದಳು ಮಗಳು, ಎಲೆಗೆ ಹುಡಿ ತುಂಬುತ್ತ. "ಕೂಗ್ದೆ ಒಳಗೆ ಹೋಗಿ ಕಚ್ಚಿಸ್ಕಂಡೆ, ಪಾಪ ಅವ್ರಿಗೂ ಕೆಟ್ಟ ಹೆಸ್ರು ಬರಂಗೆ ಮಾಡ್ದೆ ಅನ್ನೋಳು."

ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಆ ಮಾತು ನನ್ನದು. ಅದನ್ನು ಅವಳು ಇಲ್ಲಿಯವರೆಗೆ ತಂದು, ತನ್ನ ಮನೆಯವರಿಗೂ ತನ್ನದೆಂದೇ ಹೇಳಿಕೊಂಡಿದ್ದಳು.

"ಕೂಗಿದ್ದಳು" ಎಂದೆ. "ನಾಯಿ ಕಟ್ಟಿದ್ದೀರಾ ಅಂತ ಕೇಳಿದ್ದಳು. ಕಟ್ಟಿದ್ದೀನಿ, ಬಾ ಅಂತ ನಾನೇ ಹೇಳಿದ್ದು. ಕಟ್ಟಿರಲಿಲ್ಲ. ಆಮೇಲೆ ಎಲ್ಲರ ಮುಂದೆ ಸುಳ್ಳು ಹೇಳಿದೆ."

ಅವಳ ಬೆರಳು ನಿಂತಿತು. ಅರ್ಧ ಸುತ್ತಿದ್ದ ಬೀಡಿ ಬಿಚ್ಚಿಕೊಂಡು ಹುಡಿ ಮೊರಕ್ಕೆ ಉದುರಿತು. ಅವಳು ನನ್ನನ್ನು ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿ ಎಂದೇ ಹೋಗಿದ್ದೆನೇನೋ. ಅವಳು ಮೊರವನ್ನೇ ನೋಡುತ್ತಿದ್ದಳು.

"ನಾನು ಬಯ್ತಿದ್ದೆ ಅವ್ವನ್ನ" ಎಂದಳು. "ಬಟ್ಟೆ ಹಿಂಡಕ್ಕಾಗದೆ ಕೂತ್ಕಂಡಾಗೆಲ್ಲ ಬಯ್ತಿದ್ದೆ. ಬೀಡಿ ಕಟ್ಟಕ್ಕೂ ಬರ್ತಿರ್ಲಿಲ್ಲ ಆ ಕೈಲಿ. ಬಾಯಿರ್ಲಿಲ್ವಾ ನಿಂಗೆ, ಒಂದ್ಸಲ ಕೂಗಕ್ಕೇನಾಗಿತ್ತು, ಇದ್ದ ಮನೆ ಕಳಕಂಡು ಬಂದು ನಮ್ಮ ಮೇಲೆ ಬಿದ್ದೆ ಅಂತ. ಸುಮ್ನೆ ಕೂತ್ಕಂಡಿರೋಳು."

ಎದ್ದು ಒಳಗೆ ಹೋದಳು. ನಾನು ಚಾಪೆಯ ಮೇಲೆ ಕೂತೇ ಇದ್ದೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಅವಳ ಧ್ವನಿ ಬಂತು. ನಾಲ್ಕು ಗಂಟೆಗೊಂದು ಬಸ್ಸಿದೆ, ಅದು ತಪ್ಪಿದರೆ ಮತ್ತೆ ತಡ ಎಂದಳು. ನಾನು ಹೊರಟೆ.

ಇಷ್ಟು ವರ್ಷ ನನ್ನೊಬ್ಬಳದಾಗಿದ್ದುದನ್ನು ಈಗ ಅವಳಿಗೂ ಕೊಟ್ಟು ಬಂದಿದ್ದೇನೆ. ತಾಯಿಯನ್ನು ಬಯ್ದ ಒಂದೊಂದು ದಿನವನ್ನೂ ಅವಳು ಇನ್ನು ಹುಡುಕಿ ತೆಗೆಯಬೇಕು. ಹೇಳದೆ ಬಂದಿದ್ದರೆ ಒಳ್ಳೆಯದಿತ್ತೇ ಎಂದು ಕೇಳಿಕೊಳ್ಳುತ್ತೇನೆ. ತಿಳಿಯುವುದಿಲ್ಲ. ಹೇಳಬೇಕಾದವಳು ಕೇಳಿಸಿಕೊಳ್ಳುವ ಹಾಗಿದ್ದಾಗ ನಾನು ಹೇಳಲಿಲ್ಲ ಎಂಬುದಷ್ಟೇ ತಿಳಿದಿರುವುದು.

ನಿನ್ನೆ ಸಾಯಂಕಾಲ ಅಕ್ಕನ ಮಗಳು ಮೇಸ್ತ್ರಿಯಿಂದ ನಂಬರು ತೆಗೆದುಕೊಂಡು ಫೋನ್ ಮಾಡಿದಳು. ಹಿಂದಿನಿಂದ ಲಾರಿ ಹೋಗುವ ಸದ್ದು ಕೇಳುತ್ತಿತ್ತು.

"ಎಷ್ಟು ಸಲ ಕೂಗಿದ್ಲು?" ಎಂದಳು.

"ಒಂದ್ಸಲ."

"ಜೋರಾಗಿ ಕೂಗಿದ್ಲಾ?"

"ಜೋರಾಗೇ ಕೂಗಿದ್ದಳು" ಎಂದೆ. "ನನಗೆ ಸರಿಯಾಗಿ ಕೇಳಿಸಿತ್ತು."

ಅವಳು ಫೋನ್ ಇಟ್ಟಳು.